ನೋವೇ ಇಲ್ಲದ ಸೋಂಕು ಗರ್ಭನಾಳವನ್ನು ಹೇಗೆ ಕೆಡಿಸುತ್ತದೆ

ಗರ್ಭನಾಳದ ಒಳಗಿಂದಲೇ ಶುರು ಮಾಡೋಣ. ಡಾಕ್ಟರುಗಳು ‘ಟ್ಯೂಬ್’ ಎನ್ನುವ ಈ ನಾಳ ಗರ್ಭಕೋಶದ ಎರಡೂ ಬದಿಗೆ ಒಂದೊಂದಿರುತ್ತದೆ. ಉದ್ದ ಸುಮಾರು 10 ಸೆಂಟಿಮೀಟರ್. ಗರ್ಭಕೋಶಕ್ಕೆ ಸೇರುವ ಜಾಗದಲ್ಲಿ ಅದರೊಳಗಿನ ದಾರಿ ಎಷ್ಟು ಕಿರಿದು ಅಂದರೆ, ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಒಳಗೋಡೆಯ ತುಂಬ ಸಿಲಿಯಾ ಎಂಬ ರೋಮಗಳಿರುತ್ತವೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಗಾಳಿ ಬೀಸಿದಾಗ ಪೈರು ಒಂದೇ ದಿಕ್ಕಿಗೆ ಬಾಗುತ್ತದಲ್ಲ, ಹಾಗೆ ಈ ರೋಮಗಳು ಒಟ್ಟಿಗೇ ಬಡಿಯುತ್ತಾ ಅಂಡವನ್ನು ಗರ್ಭಕೋಶದ ಕಡೆಗೆ ಸಾಗಿಸುತ್ತವೆ. ಅಂಡ, ವೀರ್ಯಾಣು ಸೇರುವುದೂ ಈ ನಾಳದಲ್ಲೇ. ಸೇರಿದ ಮೇಲೆ ಭ್ರೂಣ ಮೂರು ನಾಲ್ಕು ದಿನ ಇಲ್ಲೇ ಇದ್ದು ಆಮೇಲೆ ಗರ್ಭಕೋಶಕ್ಕೆ ಇಳಿಯುತ್ತದೆ.

ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ಬಗ್ಗೆ ಮಾತಾಡುವಾಗ ನಮ್ಮ ಗಮನವೆಲ್ಲ ಹುಣ್ಣು, ತುರಿಕೆ, ಉರಿ, ಬಿಳಿ ಸೆರಗು ಇಂಥವುಗಳ ಮೇಲೇ ಇರುತ್ತದೆ. ಕಾಣುವುದು ಅವೇ ಅಲ್ವಾ. ಆದರೆ ಹೆಣ್ಣಿನ ದೇಹದಲ್ಲಿ ದೊಡ್ಡ ನಷ್ಟ ಆಗುವುದು ಈ ಕಿರಿದಾದ ನಾಳದೊಳಗೆ. ಅಲ್ಲಿ ಏನಾಗುತ್ತಿದೆ ಅಂತ ಅವಳಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಮೊದಲು ಒಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ, 15ರಿಂದ 49 ವಯಸ್ಸಿನವರಲ್ಲಿ, ಗುಣಪಡಿಸಬಹುದಾದ ನಾಲ್ಕು ಸೋಂಕುಗಳು ಒಟ್ಟು 37.4 ಕೋಟಿ ಸಲ ಹೊಸದಾಗಿ ತಗುಲಿದ್ದವು. ಟ್ರೈಕೊಮೊನಿಯಾಸಿಸ್ 15.6 ಕೋಟಿ, ಕ್ಲಮೈಡಿಯಾ 12.9 ಕೋಟಿ, ಗೊನೊರಿಯಾ 8.2 ಕೋಟಿ, ಸಿಫಿಲಿಸ್ 71 ಲಕ್ಷ. ದಿನಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಆಯಿತು. ಇಷ್ಟು ಸಾಮಾನ್ಯವಾದ ವಿಷಯವನ್ನು ಯಾರದೋ ನಡತೆಯ ಪ್ರಶ್ನೆ ಮಾಡಿ ಕೂತಿರುವುದೇ ಮೊದಲ ತೊಂದರೆ. ನಾಚಿಕೆಯಿಂದ ಪರೀಕ್ಷೆ ತಡವಾಗುತ್ತದೆ, ತಡವಾದರೆ ನಾಳ ಕೆಡುತ್ತದೆ.

ಕ್ಲಮೈಡಿಯಾವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಸದ್ದಿಲ್ಲದೆ ಕೆಲಸ ಮಾಡುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ಇದು ಬ್ಯಾಕ್ಟೀರಿಯಾ, ಆದರೆ ನಮ್ಮ ಜೀವಕೋಶದ ಒಳಗೆ ಹೊಕ್ಕರೆ ಮಾತ್ರ ಬೆಳೆಯಬಲ್ಲದು. ಅದಕ್ಕೆ ಎರಡು ರೂಪ. ಒಂದು ಬೀಜದ ಹಾಗೆ, ಗಟ್ಟಿ ಹೊದಿಕೆಯದು. ಹೊರಗೆ ಬದುಕಿರುತ್ತದೆ, ಆದರೆ ಸಂಖ್ಯೆ ಹೆಚ್ಚಿಸಿಕೊಳ್ಳಲಾರದು. ಅದು ಗರ್ಭಕೋಶದ ಕೊರಳಿನ ಒಂದು ಜೀವಕೋಶಕ್ಕೆ ಅಂಟಿಕೊಂಡು ಒಳಗೆ ಹೋದ ಮೇಲೆ ಎರಡನೇ ರೂಪಕ್ಕೆ ಬದಲಾಗುತ್ತದೆ, ಒಂದು ಗುಳ್ಳೆಯಂಥ ಕೋಣೆಯೊಳಗೆ ಕೂತು ಒಡೆದು ಒಡೆದು ನೂರಾರಾಗುತ್ತದೆ, ಮತ್ತೆ ಬೀಜದ ರೂಪಕ್ಕೆ ಮರಳುತ್ತದೆ, ಎರಡು ಮೂರು ದಿನಕ್ಕೆ ಆ ಜೀವಕೋಶವನ್ನು ಒಡೆದುಕೊಂಡು ಹೊರಬಂದು ಪಕ್ಕದ ಕೋಶಗಳಿಗೆ ಹೋಗುತ್ತದೆ. ಇದೆಲ್ಲ ನಡೆಯುತ್ತಿರುವಾಗ ಹೆಚ್ಚಿನ ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ಇದ್ದರೂ ಸ್ವಲ್ಪ ಜಾಸ್ತಿ ಬಿಳಿ ಸೆರಗು, ಮೂತ್ರ ಮಾಡುವಾಗ ಚೂರು ಉರಿ, ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ಮೇಲೆ ಒಂಚೂರು ರಕ್ತ. ಇವೆಲ್ಲಕ್ಕೂ ಬೇರೆ ಬೇರೆ ಕಾರಣಗಳೂ ಇರುವುದರಿಂದ ‘ಉಷ್ಣ ಆಗಿರಬೇಕು’ ಅಂತ ಸುಮ್ನಾಗಿಬಿಡುತ್ತೇವೆ.

ಕೊರಳಿನಲ್ಲೇ ನಿಂತರೆ ಅಷ್ಟು ಅಪಾಯವಿಲ್ಲ. ಕೆಲವರಲ್ಲಿ ಸೋಂಕು ಮೇಲಕ್ಕೆ ಹತ್ತುತ್ತದೆ. ಗರ್ಭಕೋಶ, ಅಲ್ಲಿಂದ ನಾಳ. ಇದಕ್ಕೆ ಪೆಲ್ವಿಕ್ ಇನ್‌ಫ್ಲಮೇಟರಿ ಡಿಸೀಸ್, ಪಿಐಡಿ ಅನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಕಿಬ್ಬೊಟ್ಟೆಯ ಒಳಗಿನ ಉರಿಯೂತ. ನಾಳದ ಗೋಡೆಗೆ ಬ್ಯಾಕ್ಟೀರಿಯಾ ಮಾತ್ರವೇ ಹಾನಿ ಮಾಡುವುದಿಲ್ಲ. ಅದನ್ನು ಓಡಿಸಲು ಬಂದ ನಮ್ಮದೇ ರಕ್ಷಣಾ ಕೋಶಗಳ ಕೆಲಸದಿಂದಲೂ ಗೋಡೆಗೆ ಪೆಟ್ಟಾಗುತ್ತದೆ. ಮಾಯುವಾಗ ಗಾಯದ ಕಲೆ ಉಳಿಯುತ್ತದೆ. ಚರ್ಮದ ಮೇಲೆ ಕಲೆ ಉಳಿದರೆ ನೋಡಲು ಬೇಜಾರು, ಅಷ್ಟೇ. ಒಂದು ಮಿಲಿಮೀಟರ್ ದಾರಿಯೊಳಗೆ ಕಲೆ ಉಳಿದರೆ ದಾರಿಯೇ ಮುಚ್ಚುತ್ತದೆ. ರೋಮಗಳು ಉದುರಿದ ಕಡೆ ಅಂಡವನ್ನು ಮುಂದೆ ಸಾಗಿಸುವವರು ಯಾರೂ ಇರುವುದಿಲ್ಲ. ಗೊನೊರಿಯಾದ ವಿಷಯದಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಮನುಷ್ಯರ ಗರ್ಭನಾಳದ ತುಣುಕುಗಳ ಮೇಲೆ ನೋಡಿದ್ದಾರೆ: ಬ್ಯಾಕ್ಟೀರಿಯಾ ಒಳಹೊಗುವುದು ರೋಮವಿಲ್ಲದ ಕೋಶಗಳಿಗೆ, ಉದುರಿಹೋಗುವುದು ಮಾತ್ರ ಪಕ್ಕದ ರೋಮವಿರುವ ಕೋಶಗಳು.

ಎರಡೂ ನಾಳ ಪೂರ್ತಿ ಮುಚ್ಚಿದರೆ ಸಹಜವಾಗಿ ಬಸಿರಾಗುವುದಿಲ್ಲ. ಅರ್ಧ ಮುಚ್ಚಿದರೆ ಇನ್ನೂ ಅಪಾಯ. ವೀರ್ಯಾಣುವಿನ ತಲೆ ಒಂದು ಮಿಲಿಮೀಟರಿನ ಸುಮಾರು ಇನ್ನೂರನೇ ಒಂದು ಭಾಗ. ಅಂಡ ಒಂದು ಮಿಲಿಮೀಟರಿನ ಸುಮಾರು ಹತ್ತನೇ ಒಂದು ಭಾಗ. ಅಂದರೆ ಕಲೆ ಬಿದ್ದು ಸಣ್ಣದಾದ ದಾರಿಯಲ್ಲಿ ವೀರ್ಯಾಣು ನುಸುಳಿ ಮೇಲೆ ಹೋಗಬಹುದು, ಆದರೆ ಬೆಳೆಯುತ್ತಿರುವ ಭ್ರೂಣ ಕೆಳಗೆ ಬರಲಾಗದೆ ನಾಳದಲ್ಲೇ ಸಿಕ್ಕಿ ಅಲ್ಲೇ ಬೇರು ಬಿಡಬಹುದು. ಎಕ್ಟೋಪಿಕ್ ಬಸಿರು ಅನ್ನುವುದು ಇದನ್ನೇ. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿದು ಪ್ರಾಣಕ್ಕೇ ಕುತ್ತು. ಮುಟ್ಟು ತಪ್ಪಿದ ಮೇಲೆ ಒಂದು ಬದಿ ತೀವ್ರ ನೋವು, ರಕ್ತಸ್ರಾವ, ತಲೆ ಸುತ್ತು, ಭುಜದ ತುದಿಯಲ್ಲಿ ನೋವು ಕಂಡರೆ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇದೆಲ್ಲ ಎಷ್ಟು ಜನರಿಗೆ ಆಗುತ್ತದೆ? ಈ ಪ್ರಶ್ನೆಗೆ ಬಹಳ ತಾಳ್ಮೆಯಿಂದ ಉತ್ತರ ಹುಡುಕಿದ್ದು ಸ್ವೀಡನ್ನಿನ ಲುಂಡ್ ಎಂಬ ಊರಿನ ವೈದ್ಯರು. ಲಾರ್ಸ್ ವೆಸ್ಟ್ರೋಮ್ ಮತ್ತು ಅವರ ಜೊತೆಯವರು 1960ರಿಂದ 1984ರವರೆಗೆ ಕಿಬ್ಬೊಟ್ಟೆ ನೋವಿನಿಂದ ಬಂದ ಹೆಂಗಸರಿಗೆ ಲ್ಯಾಪರೊಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕೊಳವೆ ಹಾಕಿ ಒಳಗೆ ನೋಡುವುದು) ಮಾಡಿ, ನಾಳವನ್ನು ಕಣ್ಣಾರೆ ನೋಡಿ, ಉರಿಯೂತ ಇದೆಯೋ ಇಲ್ಲವೋ ಎಂದು ಬರೆದಿಟ್ಟರು. ಆಮೇಲೆ ವರ್ಷಗಟ್ಟಲೆ ಅವರನ್ನು ಗಮನಿಸಿದರು. ಫಲಿತಾಂಶ ಪ್ರಕಟವಾಗಿದ್ದು 1992ರಲ್ಲಿ. ಒಂದು ಸಲ ಪಿಐಡಿ ಆದವರಲ್ಲಿ ನಾಳ ಕೆಟ್ಟು ಮಕ್ಕಳಾಗದೆ ಹೋದವರು ಶೇ. 8. ಎರಡು ಸಲ ಆದವರಲ್ಲಿ ಶೇ. 19.5. ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಆದವರಲ್ಲಿ ಶೇ. 40.

ಈ ಮೂರು ಸಂಖ್ಯೆಗಳನ್ನು ನಾನು ಎರಡು ರೀತಿ ಓದುತ್ತೇನೆ. ಒಂದು, ಒಮ್ಮೆ ಸೋಂಕಾದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತ ಭಯ ಬೀಳಬೇಕಾಗಿಲ್ಲ. ನೂರರಲ್ಲಿ 92 ಜನರ ನಾಳ ಉಳಿದಿತ್ತು, ಅದೂ ಪಿಐಡಿಯವರೆಗೆ ಹೋದ ಮೇಲೆ. ಎರಡು, ಪ್ರತಿ ಸಲ ಮರುಕಳಿಸಿದಾಗಲೂ ಹಾನಿ ಸುಮಾರು ದುಪ್ಪಟ್ಟಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಸೋಂಕು ಎಷ್ಟು ಮುಖ್ಯವೋ, ಅದು ಮತ್ತೆ ಬಾರದ ಹಾಗೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಇದನ್ನು ಇಲ್ಲೇ ನೆನಪಿಟ್ಟುಕೊಳ್ಳಿ, ಮುಂದೆ ಸಂಗಾತಿಯ ವಿಷಯ ಬಂದಾಗ ಬೇಕಾಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಟ್ಯೂಬ್ ಬ್ಲಾಕ್ ಅಂತ ರಿಪೋರ್ಟ್ ಬಂದ ಎಲ್ಲರಿಗೂ ಇಂಥ ಸೋಂಕೇ ಆಗಿತ್ತು ಅಂತ ಅಲ್ಲ. ಕ್ಷಯ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವುದು), ಒಡೆದ ಅಪೆಂಡಿಕ್ಸ್, ಹಿಂದೆ ಆದ ಹೊಟ್ಟೆಯ ಆಪರೇಷನ್, ಇವುಗಳಿಂದಲೂ ನಾಳ ಮುಚ್ಚುತ್ತದೆ. ರಿಪೋರ್ಟ್ ಕೈಯಲ್ಲಿ ಹಿಡಿದು ಯಾರೂ ಯಾರ ಮೇಲೂ ಅನುಮಾನ ಪಡಬೇಕಾಗಿಲ್ಲ. ಮತ್ತೆ ‘ಬಂಜೆ’ ಎಂಬ ಪದ ಇದೆಯಲ್ಲ, ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಕಲೆ ಬಿದ್ದಿರುವುದು ಒಂದು ನಾಳಕ್ಕೆ, ಹೆಸರು ಇಡುವುದು ಇಡೀ ಹೆಂಗಸಿಗೆ.

ಲಕ್ಷಣವೇ ಇಲ್ಲದ ಸೋಂಕನ್ನು ಲಕ್ಷಣ ಬಂದ ಮೇಲೆ ಹುಡುಕುತ್ತೇನೆ ಅಂದರೆ ಆಗುವ ಮಾತಲ್ಲ. ಹಾಗಾದರೆ ಆರೋಗ್ಯವಾಗಿ ಕಾಣುವವರಿಗೂ ಪರೀಕ್ಷೆ ಮಾಡಿದರೆ ಉಪಯೋಗ ಇದೆಯಾ? ಅಮೆರಿಕದ ಸಿಯಾಟಲ್‌ನಲ್ಲಿ ಇದನ್ನು ನೋಡಿದರು, ಫಲಿತಾಂಶ 1996ರಲ್ಲಿ ಬಂತು. ಅಪಾಯ ಜಾಸ್ತಿ ಇರುವ ಸುಮಾರು 2,600 ಯುವತಿಯರಲ್ಲಿ ಕೆಲವರನ್ನು ಕ್ಲಮೈಡಿಯಾ ಪರೀಕ್ಷೆಗೆ ಕರೆದರು, ಉಳಿದವರಿಗೆ ಎಂದಿನಂತೆ ಚಿಕಿತ್ಸೆ ನಡೆಯಿತು. ಒಂದು ವರ್ಷದಲ್ಲಿ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಪಿಐಡಿ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಎಲ್ಲರೂ ಖುಷಿಪಟ್ಟರು. ಹಲವು ದೇಶಗಳಲ್ಲಿ ಯುವತಿಯರಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎಂಬ ಸಲಹೆಗೆ ಇದು ದೊಡ್ಡ ಆಧಾರವಾಯಿತು.

ಆಮೇಲೆ ಲಂಡನ್ನಿನ ಅಧ್ಯಯನ ಬಂತು, 2010ರಲ್ಲಿ. ನನಗೆ ಇದು ಹೆಚ್ಚು ಕಲಿಸಿತು. 2,529 ವಿದ್ಯಾರ್ಥಿನಿಯರು ಹತ್ತಿ ಕಡ್ಡಿಯಂಥ ಸ್ವ್ಯಾಬ್‌ನಿಂದ ಯೋನಿಯ ಮಾದರಿಯನ್ನು ತಾವೇ ತೆಗೆದು ಕೊಟ್ಟರು. ಅರ್ಧದಷ್ಟು ಜನರ ಮಾದರಿಯನ್ನು ಕೂಡಲೇ ಪರೀಕ್ಷಿಸಿ ಚಿಕಿತ್ಸೆಗೆ ಕಳಿಸಿದರು. ಉಳಿದ ಮಾದರಿಗಳನ್ನು ಎತ್ತಿಟ್ಟು ಒಂದು ವರ್ಷದ ನಂತರ ಪರೀಕ್ಷಿಸಿದರು. ಪಿಐಡಿ ಆದವರು ಮೊದಲ ಗುಂಪಿನಲ್ಲಿ ಶೇ. 1.3, ಎರಡನೆಯದರಲ್ಲಿ ಶೇ. 1.9. ವ್ಯತ್ಯಾಸ ಇದೆ, ಆದರೆ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ಇದನ್ನೇ ನೋಡಿ ‘ಪರೀಕ್ಷೆಯಿಂದ ಪ್ರಯೋಜನ ಇಲ್ಲ’ ಅಂದವರೂ ಇದ್ದಾರೆ. ಆದರೆ ಒಳಗಿನ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಶುರುವಿನಲ್ಲೇ ಕ್ಲಮೈಡಿಯಾ ಇದ್ದು ಆಗ ಚಿಕಿತ್ಸೆ ಸಿಗದವರಲ್ಲಿ 74 ಜನರ ಪೈಕಿ 7 ಮಂದಿಗೆ ಪಿಐಡಿ ಆಯಿತು. ಚಿಕಿತ್ಸೆಗೆ ಹೋದವರಲ್ಲಿ 63 ಜನರ ಪೈಕಿ ಒಬ್ಬರಿಗೆ. ಇನ್ನೊಂದು ವಿಷಯ: ಒಟ್ಟು 38 ಪಿಐಡಿ ಪ್ರಕರಣಗಳಲ್ಲಿ 30 ಆಗಿದ್ದು ಶುರುವಿನಲ್ಲಿ ಕ್ಲಮೈಡಿಯಾ ಇಲ್ಲ ಅಂತ ಬಂದಿದ್ದವರಿಗೆ. ಅವರಲ್ಲಿ ಕೆಲವರಿಗೆ ಆ ವರ್ಷದೊಳಗೆ ಹೊಸದಾಗಿ ಸೋಂಕು ತಗುಲಿರಬಹುದು, ಕೆಲವರಿಗೆ ಬೇರೆ ಬ್ಯಾಕ್ಟೀರಿಯಾದಿಂದ ಆಗಿರಬಹುದು.

ಹಾಗಾಗಿ ಒಂದು ಸಲ ‘ನೆಗೆಟಿವ್’ ಬಂತು ಅಂದರೆ ಅದು ಆ ದಿನದ ಮಾತು. ಸಂಗಾತಿ ಬದಲಾದಾಗ, ಅಥವಾ ಸಂಗಾತಿಗೆ ಬೇರೆ ಸಂಬಂಧ ಇರಬಹುದು ಅನ್ನಿಸಿದಾಗ, ಮತ್ತೆ ಪರೀಕ್ಷೆ ಬೇಕು.

ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಪೆಟ್ಟು ಯಾಕೆ ಅಂತ ಕೇಳುತ್ತಾರೆ. ದೇಹದ ರಚನೆಯೇ ಒಂದು ಕಾರಣ. ಯೋನಿಯ ಒಳಪದರದ ವಿಸ್ತಾರ ಜಾಸ್ತಿ, ಅಲ್ಲಿ ವೀರ್ಯ ಬಹಳ ಹೊತ್ತು ಉಳಿಯುತ್ತದೆ. ಹದಿಹರೆಯದಲ್ಲಿ ಗರ್ಭಕೋಶದ ಕೊರಳಿನ ಒಳಭಾಗದ ತೆಳು ಕೋಶಗಳು ಹೊರಗಡೆಗೂ ಹರಡಿಕೊಂಡಿರುತ್ತವೆ. ಕ್ಲಮೈಡಿಯಾ, ಗೊನೊರಿಯಾ ಎರಡಕ್ಕೂ ಬೇಕಾದ ಕೋಶಗಳು ಅವೇ. ಎಳೆಯ ವಯಸ್ಸಿನಲ್ಲಿ ಸೋಂಕು ಸುಲಭವಾಗಿ ತಗುಲುವುದಕ್ಕೆ ಇದೂ ಒಂದು ಕಾರಣ. ಎಲ್ಲಕ್ಕಿಂತ ಹೆಚ್ಚಾಗಿ, ಹೆಣ್ಣಿನ ದೇಹದಲ್ಲಿ ಹೊರಗಿನಿಂದ ಹೊಟ್ಟೆಯ ಒಳಗಿನವರೆಗೆ ಒಂದು ತೆರೆದ ದಾರಿ ಇದೆ. ಯೋನಿ, ಕೊರಳು, ಗರ್ಭಕೋಶ, ನಾಳ, ಅದರ ಆಚೆ ತುದಿ ಹೊಟ್ಟೆಯೊಳಗೇ ತೆರೆದುಕೊಳ್ಳುತ್ತದೆ. ಗಂಡಸಿನ ದೇಹದಲ್ಲಿ ಇಂಥ ದಾರಿ ಇಲ್ಲ.

ದೇಹ ಈ ದಾರಿಯನ್ನು ಕಾವಲಿಲ್ಲದೆ ಬಿಟ್ಟಿಲ್ಲ. ಯೋನಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿರುತ್ತವೆ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ನೆಂಟರೇ ಇವು. ಲ್ಯಾಕ್ಟಿಕ್ ಆಮ್ಲ ತಯಾರಿಸಿ ಅಲ್ಲಿನ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.5ಕ್ಕಿಂತ ಕೆಳಗೆ ಇರುವಂತೆ ನೋಡಿಕೊಳ್ಳುತ್ತವೆ. ಆ ಹುಳಿಯಲ್ಲಿ ಬೇರೆ ಕ್ರಿಮಿಗಳಿಗೆ ಬದುಕುವುದು ಕಷ್ಟ. ಒಳಗೆ ಸೋಪು ಹಾಕಿ, ನೀರು ಹಾಯಿಸಿ ತೊಳೆಯಬೇಡಿ ಅಂತ ಡಾಕ್ಟರುಗಳು ಹೇಳುವುದು ಇದಕ್ಕೇ. ತೊಳೆದರೆ ಕಾವಲಿನವರೇ ಕೊಚ್ಚಿಹೋಗುತ್ತಾರೆ. ಈ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ತುಂಬಿಕೊಂಡರೆ ಅದಕ್ಕೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಅನ್ನುತ್ತಾರೆ. ಮೀನಿನಂಥ ವಾಸನೆ, ತೆಳು ಸ್ರಾವ ಇದರ ಗುರುತು. ಇದಿದ್ದರೆ ಎಚ್‌ಐವಿ ಸೇರಿದಂತೆ ಬೇರೆ ಸೋಂಕುಗಳು ತಗುಲುವ ಸಾಧ್ಯತೆ ಹೆಚ್ಚು, ಬಸುರಿಯರಲ್ಲಿ ಅವಧಿಗೆ ಮೊದಲೇ ಹೆರಿಗೆಯಾಗುವ ಸಾಧ್ಯತೆಯೂ ಹೆಚ್ಚು.

ಇದು ಮಾತ್ರೆ ತಗೊಂಡರೆ ಹೋಗುತ್ತದೆ, ಎಷ್ಟೋ ಜನರಿಗೆ ಕೆಲವೇ ತಿಂಗಳಲ್ಲಿ ಮತ್ತೆ ಬರುತ್ತದೆ. ಮತ್ತೆ ಮಾತ್ರೆ, ಮತ್ತೆ ವಾಸನೆ, ಮತ್ತೆ ಸಂಕೋಚ. ವರ್ಷಗಟ್ಟಲೆ ‘ನನ್ನಲ್ಲೇ ಏನೋ ಕೊಳಕಿದೆ’ ಅಂತ ತಮ್ಮನ್ನೇ ದೂರಿಕೊಂಡು ಬದುಕಿದ ಹೆಂಗಸರಿದ್ದಾರೆ. ಅವರಿಗೆಲ್ಲ ಓದಿ ಹೇಳಬೇಕಾದ ಅಧ್ಯಯನವೊಂದು 2025ರಲ್ಲಿ ಆಸ್ಟ್ರೇಲಿಯಾದಿಂದ ಬಂತು. 164 ಜೋಡಿಗಳು. ಅರ್ಧದಷ್ಟು ಜೋಡಿಗಳಲ್ಲಿ ಹೆಂಡತಿಗೆ ಅಥವಾ ಗೆಳತಿಗೆ ಮಾತ್ರ ಚಿಕಿತ್ಸೆ. ಉಳಿದ ಜೋಡಿಗಳಲ್ಲಿ ಗಂಡಸಿಗೂ ಏಳು ದಿನ ಮಾತ್ರೆ, ಜೊತೆಗೆ ಶಿಶ್ನಕ್ಕೆ ಹಚ್ಚುವ ಮುಲಾಮು. ಹನ್ನೆರಡು ವಾರದೊಳಗೆ ಮತ್ತೆ ಬಂದಿದ್ದು, ಅವಳಿಗೆ ಮಾತ್ರ ಕೊಟ್ಟಲ್ಲಿ ಶೇ. 63 ಜನರಿಗೆ, ಇಬ್ಬರಿಗೂ ಕೊಟ್ಟಲ್ಲಿ ಶೇ. 35 ಜನರಿಗೆ. ವ್ಯತ್ಯಾಸ ಇಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಮೊದಲೇ ನಿಲ್ಲಿಸಿದರು. ಹಿಂದೆಯೂ ಗಂಡಸರಿಗೆ ಮಾತ್ರೆ ಕೊಟ್ಟು ನೋಡಿದ್ದರು, ಫಲ ಸಿಕ್ಕಿರಲಿಲ್ಲ. ಈ ಸಲ ಮುಲಾಮೂ ಸೇರಿತ್ತು, ಯಾಕೆಂದರೆ ಆ ಬ್ಯಾಕ್ಟೀರಿಯಾಗಳು ಶಿಶ್ನದ ಚರ್ಮದ ಮೇಲೂ ಮನೆ ಮಾಡಿಕೊಂಡಿರುತ್ತವೆ.

ಅಂದರೆ ಇಷ್ಟು ವರ್ಷ ಅವಳ ದೇಹದ ತಪ್ಪು ಅಂತ ಅಂದುಕೊಂಡಿದ್ದು ಇಬ್ಬರ ನಡುವೆ ಹೋಗಿ ಬರುತ್ತಿತ್ತು.

ಲುಂಡ್‌ನ ಮೂರು ಸಂಖ್ಯೆಗಳು, ಮರುಕಳಿಸಿದಷ್ಟೂ ಹಾನಿ ಹೆಚ್ಚು ಅಂದಿದ್ದು, ನೆನಪಿವೆಯಲ್ಲ? ಕ್ಲಮೈಡಿಯಾ, ಗೊನೊರಿಯಾ, ಟ್ರೈಕೊಮೊನಿಯಾಸಿಸ್ ಎಲ್ಲದರಲ್ಲೂ ಇಬ್ಬರ ನಡುವೆ ಹೋಗಿ ಬರುವ ಇದೇ ಕಥೆ. ಹೆಂಗಸು ಚಿಕಿತ್ಸೆ ಮುಗಿಸಿ ಮನೆಗೆ ಬಂದರೆ, ಚಿಕಿತ್ಸೆ ಆಗದ ಸಂಗಾತಿಯಿಂದ ಅದೇ ಸೋಂಕು ವಾಪಸ್ ಬರುತ್ತದೆ. ಅವನಿಗೂ ಲಕ್ಷಣ ಇಲ್ಲದಿರಬಹುದು, ‘ನನಗೇನೂ ಇಲ್ಲ’ ಅಂತ ಅವನು ಪ್ರಾಮಾಣಿಕವಾಗಿಯೇ ಹೇಳುತ್ತಿರಬಹುದು. ಆದರೆ ಆ ಮಾತಿನ ಬೆಲೆ ತೆರುವುದು ಅವಳ ನಾಳ. ಹಾಗಾಗಿ ನಿಯಮ ಸರಳ: ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ, ಇಬ್ಬರದೂ ಮುಗಿದು ಏಳು ದಿನ ಆಗುವವರೆಗೆ ಸಂಭೋಗ ಬೇಡ, ಮೂರು ತಿಂಗಳಿಗೆ ಮತ್ತೊಂದು ಪರೀಕ್ಷೆ.

ಸಂಶೋಧನೆಯಲ್ಲೂ ಹೆಂಗಸರು ಎಷ್ಟೋ ಸಲ ಹಿಂದೆ ಉಳಿದಿದ್ದಾರೆ. ಸಂಭೋಗದ ನಂತರ 72 ಗಂಟೆಯೊಳಗೆ ಡಾಕ್ಸಿಸೈಕ್ಲಿನ್ ಮಾತ್ರೆ ತಗೊಂಡರೆ ಬ್ಯಾಕ್ಟೀರಿಯಾ ಸೋಂಕುಗಳನ್ನು ತಡೆಯಬಹುದಾ ಎಂಬ ಪ್ರಶ್ನೆಗೆ ಗಂಡಸರೊಂದಿಗೆ ಸಂಬಂಧವಿರುವ ಗಂಡಸರಲ್ಲಿ ಒಳ್ಳೆಯ ಉತ್ತರ ಸಿಕ್ಕಿತು. ಹೆಂಗಸರಲ್ಲಿ ಮೊದಲು ನೋಡಿದ್ದು ಕೀನ್ಯಾದಲ್ಲಿ, 449 ಯುವತಿಯರು, 2023ರ ಫಲಿತಾಂಶ. ಮಾತ್ರೆ ಕೊಟ್ಟ ಗುಂಪಿನಲ್ಲಿ 50 ಸೋಂಕು, ಕೊಡದ ಗುಂಪಿನಲ್ಲಿ 59. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹಾಗಾದರೆ ಹೆಣ್ಣಿನ ದೇಹದಲ್ಲಿ ಔಷಧ ಕೆಲಸ ಮಾಡುವುದಿಲ್ಲವಾ? ಸಂಶೋಧಕರು ಕೂದಲಿನ ಎಳೆಗಳನ್ನು ಪರೀಕ್ಷಿಸಿದರು, ಏಕೆಂದರೆ ನುಂಗಿದ ಔಷಧದ ಗುರುತು ಕೂದಲಿನಲ್ಲಿ ಉಳಿಯುತ್ತದೆ. ಮಾತ್ರೆ ಪಡೆದ ಗುಂಪಿನವರ ಕೂದಲ ಮಾದರಿಗಳಲ್ಲಿ ಔಷಧ ಕಂಡಿದ್ದು ಶೇ. 29ರಲ್ಲಿ ಮಾತ್ರ. ಮಾತ್ರೆ ಸೋಲುವ ಮೊದಲು, ಹೆಚ್ಚಿನ ಸಲ ಅದು ಹೊಟ್ಟೆಗೆ ಹೋಗಿಯೇ ಇರಲಿಲ್ಲ. ಮನೆಯಲ್ಲಿ ಮಾತ್ರೆ ಯಾರಾದರೂ ನೋಡಿದರೆ ಏನು ಕೇಳುತ್ತಾರೋ ಎಂಬ ಹೆದರಿಕೆ ಯಾವ ಹೆಂಗಸಿಗೆ ಅರ್ಥವಾಗುವುದಿಲ್ಲ ಹೇಳಿ. ಇದಕ್ಕೆ ಅವರನ್ನು ಬೈಯುವುದು ತಪ್ಪು. ಅವರ ದಿನಚರಿಗೆ ಹೊಂದುವ ಉಪಾಯ ಹುಡುಕಬೇಕು. ಎಚ್‌ಐವಿ ತಡೆಯುವಲ್ಲಿ ಅದು ಆಗಿದೆ. ಆರು ತಿಂಗಳಿಗೊಂದು ಸಲ ಕೊಡುವ ಲೆನಕಾಪವಿರ್ ಚುಚ್ಚುಮದ್ದನ್ನು ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ 2,134 ಯುವತಿಯರು ಪಡೆದರು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರಲ್ಲಿ ಒಬ್ಬರಿಗೂ ಎಚ್‌ಐವಿ ತಗುಲಲಿಲ್ಲ. ದಿನಾ ಬಚ್ಚಿಟ್ಟು ನುಂಗುವ ಮಾತ್ರೆ ಇರಲಿಲ್ಲ, ಅದೇ ದೊಡ್ಡ ಅನುಕೂಲ.

ಎಚ್‌ಪಿವಿಯ ವಿಷಯದಲ್ಲಂತೂ ಸಂಶೋಧನೆ ಗೆದ್ದಿದೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎಂಬುದರ ಚಿಕ್ಕ ಹೆಸರಿದು, ಇದೂ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗೆ ಹೆಚ್ಚು ಕಡಿಮೆ ಎಲ್ಲ ಪ್ರಕರಣಗಳಲ್ಲೂ ಈ ವೈರಸ್ಸೇ ಕಾರಣ. ಹಾರಾಲ್ಡ್ ಸುರ್ ಹೌಸೆನ್ 1980ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು, 2008ರಲ್ಲಿ ಅವರಿಗೆ ನೊಬೆಲ್ ಬಂತು. ಲೈಂಗಿಕ ಜೀವನ ಇರುವ ಬಹುತೇಕ ಎಲ್ಲರಿಗೂ ಒಮ್ಮೆಯಾದರೂ ಎಚ್‌ಪಿವಿ ತಗುಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಉಳಿದುಕೊಂಡರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಂದರೆ ಹಿಡಿಯಲು ಬೇಕಾದಷ್ಟು ಸಮಯ ಇದೆ, ಪರೀಕ್ಷೆಗೆ ಹೋಗಬೇಕು ಅಷ್ಟೇ. ಸ್ವೀಡನ್ನಿನಲ್ಲಿ ಸುಮಾರು 17 ಲಕ್ಷ ಹೆಣ್ಣುಮಕ್ಕಳ ದಾಖಲೆ ನೋಡಿದಾಗ, 17 ವಯಸ್ಸಿಗೆ ಮೊದಲು ಲಸಿಕೆ ಹಾಕಿಸಿಕೊಂಡವರಲ್ಲಿ ಈ ಕ್ಯಾನ್ಸರ್ ಶೇ. 88ರಷ್ಟು ಕಡಿಮೆ ಇತ್ತು. ಲೈಂಗಿಕ ಜೀವನ ಶುರುವಾಗುವ ಮೊದಲೇ ಹಾಕಿಸಿದರೆ ಲಾಭ ಹೆಚ್ಚು, ಅದಕ್ಕೇ 9ರಿಂದ 14 ವಯಸ್ಸು ಅಂತ ಹೇಳುವುದು. ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ ಪರೀಕ್ಷೆ ಬೇಕು, ಎಲ್ಲ ತಳಿಗಳಿಗೂ ಲಸಿಕೆಯಲ್ಲಿ ರಕ್ಷಣೆ ಇಲ್ಲ.

ಸಿಫಿಲಿಸ್ ಬಗ್ಗೆ ಎರಡೇ ಮಾತು. ಬಸಿರಲ್ಲಿದ್ದಾಗ ತಾಯಿಯಿಂದ ಮಗುವಿಗೆ ಹೋಗಿ ಮಗು ಹೊಟ್ಟೆಯಲ್ಲೇ ಸಾಯಬಹುದು. ಸುಲಭದ ರಕ್ತ ಪರೀಕ್ಷೆ, ಬೇಗ ಕೊಟ್ಟ ಪೆನಿಸಿಲಿನ್ ಇಂಜೆಕ್ಷನ್, ಇಷ್ಟರಿಂದ ತಪ್ಪಿಸಬಹುದಾದ ಸಾವು ಅದು. ಬಸಿರು ಗೊತ್ತಾದ ಮೊದಲ ಭೇಟಿಯಲ್ಲೇ ಕೇಳಿ ಮಾಡಿಸಿ.

ಕೊನೆಗೆ ಪರೀಕ್ಷೆಯ ಬಗ್ಗೆ, ಯಾಕೆಂದರೆ ಇಲ್ಲಿ ಗೊಂದಲ ಜಾಸ್ತಿ. ಸ್ಕ್ಯಾನಿಂಗ್‌ನಲ್ಲಿ ಕ್ಲಮೈಡಿಯಾ ಕಾಣುವುದಿಲ್ಲ. ಪ್ಯಾಪ್ ಟೆಸ್ಟ್ ನೋಡುವುದು ಕೊರಳಿನ ಕೋಶಗಳಲ್ಲಿ ಆದ ಬದಲಾವಣೆಯನ್ನು, ಈ ಸೋಂಕುಗಳನ್ನಲ್ಲ. ಮಾಮೂಲಿ ಮೂತ್ರದ ಕಲ್ಚರ್‌ನಲ್ಲೂ ಸಿಗುವುದಿಲ್ಲ. ‘ಎಲ್ಲ ಟೆಸ್ಟೂ ಆಗಿದೆ’ ಅಂದುಕೊಂಡವರಿಗೆ ಇದೊಂದು ಆಗಿರದೇ ಇರಬಹುದು. ಬೇಕಾಗಿರುವುದು ಬ್ಯಾಕ್ಟೀರಿಯಾದ ವಂಶವಾಹಿಯನ್ನೇ ಹುಡುಕುವ ಪರೀಕ್ಷೆ, ಲ್ಯಾಬಿನವರು ನ್ಯಾಟ್ ಅಥವಾ ಪಿಸಿಆರ್ ಅನ್ನುತ್ತಾರೆ. ಅದಕ್ಕೆ ಮೇಜಿನ ಮೇಲೆ ಮಲಗಿ ಒಳಪರೀಕ್ಷೆ ಮಾಡಿಸಿಕೊಳ್ಳಲೇಬೇಕು ಅಂತೇನಿಲ್ಲ. ಬಾತ್‌ರೂಮಿಗೆ ಹೋಗಿ, ಹತ್ತಿ ಕಡ್ಡಿಯಂಥ ಸ್ವ್ಯಾಬನ್ನು ಯೋನಿಯೊಳಗೆ ಒಂದೆರಡು ಇಂಚು ಹಾಕಿ, ಅರ್ಧ ನಿಮಿಷದಷ್ಟು ಹೊತ್ತು ತಿರುಗಿಸಿ, ಕೊಳವೆಯಲ್ಲಿ ಇಟ್ಟು ಮುಚ್ಚಿ ಕೊಟ್ಟರೆ ಸಾಕು. ಹೀಗೆ ತಾವೇ ತೆಗೆದ ಮಾದರಿ ಡಾಕ್ಟರು ತೆಗೆದದ್ದರಷ್ಟೇ ಸರಿಯಾದ ಉತ್ತರ ಕೊಡುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಎಚ್‌ಪಿವಿ ಪರೀಕ್ಷೆಗೂ ಹೀಗೇ ತೆಗೆಯಬಹುದು. ಸೋಂಕು ತಗುಲಿರಬಹುದಾದ ದಿನದಿಂದ ಸುಮಾರು ಎರಡು ವಾರ ಬಿಟ್ಟು ಮಾಡಿಸಿದರೆ ಕ್ಲಮೈಡಿಯಾ, ಗೊನೊರಿಯಾದ ಫಲಿತಾಂಶ ನಂಬುವ ಹಾಗಿರುತ್ತದೆ.

ಕ್ಲಮೈಡಿಯಾ ಇದೆ ಅಂತ ಬಂದರೆ ಡಾಕ್ಸಿಸೈಕ್ಲಿನ್ ಏಳು ದಿನ, ದಿನಕ್ಕೆರಡು ಸಲ. ಬಸುರಿಯರಿಗೆ ಅದು ಬೇಡ, ಬೇರೆ ಮಾತ್ರೆ ಕೊಡುತ್ತಾರೆ. ಹಾಗಾಗಿ ಬಸಿರಿನ ಅನುಮಾನ ಇದ್ದರೆ ಮೊದಲೇ ಹೇಳಿ. ಅಂಗಡಿಯಲ್ಲಿ ಹೆಸರು ಹೇಳಿ ಮಾತ್ರೆ ತಗೊಂಡು ಎರಡು ದಿನಕ್ಕೆ ನಿಲ್ಲಿಸಬೇಡಿ. ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆಗಲೇ ಬಿದ್ದ ಕಲೆಯನ್ನು ಅಳಿಸುವುದಿಲ್ಲ. ರಿಪೋರ್ಟ್ ಬಂದ ದಿನವೇ ಸಂಗಾತಿಗೂ ಹೇಳಬೇಕು. ‘ನನಗೆ ಹೀಗಂತ ಬಂದಿದೆ, ಇದು ಲಕ್ಷಣ ಇಲ್ಲದೆ ತಿಂಗಳುಗಟ್ಟಲೆ ಇರುತ್ತದಂತೆ, ಯಾರಿಂದ ಯಾವಾಗ ಅಂತ ಟೆಸ್ಟಿನಿಂದ ಗೊತ್ತಾಗಲ್ಲ, ನೀವೂ ಮಾಡಿಸಿ.’ ಇಷ್ಟು ಹೇಳುವುದಕ್ಕೇ ಎಷ್ಟೋ ಜನರಿಗೆ ವಾರಗಟ್ಟಲೆ ಬೇಕಾಗುತ್ತದೆ. ಬಾಯಿಬಿಡಲು ಕಷ್ಟವಾದರೆ ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ, ಅವರೇ ಹೇಳಲಿ.